ಎಂಜಿನ್ ಕುದಿಯುತ್ತಿದೆ, ಫ್ಯಾನ್ ಮಾತ್ರ ಸುಮ್ನೆ ಕೂತಿದೆ

ಮಲೆನಾಡಿನಲ್ಲಿ ಕಾರಿನ ರೇಡಿಯೇಟರ್ ಫ್ಯಾನ್ ಕೆಟ್ಟರೆ ಬೇಗ ಗೊತ್ತೇ ಆಗುವುದಿಲ್ಲ. ಜುಲೈನಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನಾ ಓಡಾಡುವವರನ್ನೇ ನೋಡಿ. ಹೊರಗೆ ಜಡಿಮಳೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಅಂತ ಗಾಡಿ ಐವತ್ತು ಅರವತ್ತರಲ್ಲಿ ಓಡುತ್ತಲೇ ಇರುತ್ತದೆ. ಎದುರಿನಿಂದ ನುಗ್ಗುವ ತಣ್ಣನೆ ಗಾಳಿಯೇ ರೇಡಿಯೇಟರನ್ನು ನೋಡಿಕೊಳ್ಳುತ್ತದೆ. ಫ್ಯಾನ್‌ಗೆ ಕೆಲಸವೇ ಬೀಳುವುದಿಲ್ಲ. ಅದು ಕೆಟ್ಟು ತಿಂಗಳುಗಳೇ ಕಳೆದಿದ್ದರೂ ಓಡಿಸುವವರಿಗೆ ಸುಳಿವು ಸಿಗುವುದಿಲ್ಲ.

ಆಮೇಲೆ ಬೇಸಿಗೆ ಬರುತ್ತದೆ, ಮದುವೆ ಸೀಸನ್ ಬರುತ್ತದೆ. ಉಡುಪಿ ಕಡೆಯಿಂದ ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕು. 14 ಹೇರ್‌ಪಿನ್ ತಿರುವು. ಮುಂದೆ ಒಂದು ಮಿನಿ ಬಸ್ ಉಸಿರು ಬಿಡುತ್ತಾ ಹತ್ತುತ್ತಿದೆ. ನಮ್ಮ ಗಾಡಿಯಲ್ಲೂ ಐದು ಜನ, ಡಿಕ್ಕಿ ತುಂಬಾ ಸಾಮಾನು, ಎಸಿ ಬೇರೆ ಆನ್. ಫಸ್ಟ್ ಗೇರು, ಸೆಕೆಂಡ್ ಗೇರು ಬಿಟ್ಟರೆ ಇನ್ನೊಂದಿಲ್ಲ. ಎಂಜಿನ್ ಮೈಮುರಿದು ದುಡಿಯುತ್ತಿದೆ, ಗಾಡಿ ಮಾತ್ರ ಹದಿನೈದು ಕಿಲೋಮೀಟರ್ ವೇಗದಲ್ಲಿ ತೆವಳುತ್ತಿದೆ. ಎದುರುಗಾಳಿ ಇಲ್ಲ. ಫ್ಯಾನ್ ತಿರುಗಲೇಬೇಕಾದ ಹೊತ್ತು ಇದು. ಇಲ್ಲಿ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಸೂಜಿ ಮೇಲಕ್ಕೆ ಹೋಗುತ್ತದೆ, ಬಾನೆಟ್ ಸಂದಿಯಿಂದ ಹಬೆ ಬರುತ್ತದೆ. ‘ನಿನ್ನೆವರೆಗೂ ಚೆನ್ನಾಗಿತ್ತಲ್ಲ ಮಾರಾಯ’ ಅಂತ ಎಲ್ಲರೂ ಹೇಳುತ್ತಾರೆ.

ಆಮೇಲಿನ ಕಥೆಯೂ ಹೆಚ್ಚುಕಡಿಮೆ ಒಂದೇ. ಗ್ಯಾರೇಜಿಗೆ ಹೋದರೆ ಮೊದಲು ಸೆನ್ಸರ್ ಬದಲು. ಸರಿಹೋಗಲಿಲ್ಲ ಅಂದರೆ ರಿಲೇ ಬದಲು. ಅದಕ್ಕೂ ಬಗ್ಗದಿದ್ದರೆ ಇಡೀ ಫ್ಯಾನ್ ಅಸೆಂಬ್ಲಿ ಬದಲು. ಎಲ್ಲೋ ಒಂದು ಕಡೆ ಸರಿಹೋಗುತ್ತದೆ, ದುಡ್ಡು ಮಾತ್ರ ಮೂರಕ್ಕೂ ಕೊಟ್ಟಿರುತ್ತೇವೆ. ಇದರ ಅಗತ್ಯವೇ ಇಲ್ಲ. ತೊಂದರೆ ಯಾವ ಕಡೆ ಇದೆ ಅಂತ ಕಾರಿನ ಎಸಿ ಬಟನ್ ಒಂದೇ ಅರ್ಧ ಹೇಳಿಬಿಡುತ್ತದೆ. ಉಳಿದರ್ಧಕ್ಕೆ ಒಂದು ಬಲ್ಬು, ಎರಡು ತುಂಡು ವೈರು ಸಾಕು.

ಫ್ಯಾನ್ ಯಾವಾಗ ತಿರುಗಬೇಕು?

ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಯಾಕೆಂದರೆ ಕೆಡದೇ ಇರುವ ಫ್ಯಾನನ್ನು ರಿಪೇರಿಗೆ ತರುವವರೂ ಇದ್ದಾರೆ.

ಎಂಜಿನ್ ಸ್ಟಾರ್ಟ್ ಆದ ಕೂಡಲೇ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ರೇಡಿಯೇಟರಿಗೆ ಹೋಗುವುದಿಲ್ಲ. ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲು ಮುಚ್ಚಿರುತ್ತದೆ. ಕೂಲಂಟ್ ಸುಮಾರು 82ರಿಂದ 90 ಡಿಗ್ರಿ ಮುಟ್ಟಿದಾಗ ಅದು ತೆರೆದುಕೊಳ್ಳುತ್ತದೆ. ಆಗ ಬಿಸಿ ಕೂಲಂಟ್ ರೇಡಿಯೇಟರಿಗೆ ಬಂದು ಗಾಳಿಗೆ ಆರುತ್ತದೆ. ಅಷ್ಟಕ್ಕೂ ಬಿಸಿ ಇಳಿಯದೆ 95ರಿಂದ 100 ಡಿಗ್ರಿ ಆಸುಪಾಸಿಗೆ ಏರಿದರೆ ಮಾತ್ರ ಫ್ಯಾನ್ ಶುರುವಾಗುತ್ತದೆ. ಐದಾರು ಡಿಗ್ರಿ ಇಳಿದ ಕೂಡಲೇ ನಿಲ್ಲುತ್ತದೆ. ಕಾರಿನಿಂದ ಕಾರಿಗೆ ಈ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ಹಾಗಾಗಿ ಆಗಸ್ಟ್‌ನ ಚಳಿಮಳೆಯಲ್ಲಿ ಮನೆ ಮುಂದೆ ಹತ್ತು ನಿಮಿಷ ಎಂಜಿನ್ ಆನ್ ಇಟ್ಟು, ‘ಫ್ಯಾನ್ ತಿರುಗ್ತಿಲ್ಲ’ ಅಂತ ಗಾಬರಿಯಾಗಬೇಡಿ. ಸೂಜಿ ನಡುಮಧ್ಯೆ ನಿಂತಿದ್ದರೆ ಅದು ತಿರುಗಬೇಕಾಗಿಯೇ ಇಲ್ಲ. ಸೂಜಿ ಏರುತ್ತಿದೆ, ಫ್ಯಾನ್ ಅಲ್ಲಾಡುತ್ತಿಲ್ಲ ಅಂದರೆ ಮಾತ್ರ ಅದು ದೋಷ.

ಈ ಸೂಜಿಯ ಬಗ್ಗೆಯೂ ಒಂದು ಮಾತು. ತುಂಬಾ ಕಾರುಗಳಲ್ಲಿ ಕೂಲಂಟ್ ಎಂಬತ್ತಿದ್ದರೂ ನೂರಿದ್ದರೂ ಸೂಜಿ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ, ಓಡಿಸುವವರು ಸುಮ್ನೆ ತಲೆ ಕೆಡಿಸಿಕೊಳ್ಳದಿರಲಿ ಅಂತ. ಅದು ನಡುವಿನಿಂದ ಅಲ್ಲಾಡಿತು ಅಂದರೆ ಆಗಲೇ ತಡವಾಗಿದೆ. ಈಗಿನ ಕೆಲವು ಸಣ್ಣ ಕಾರುಗಳಲ್ಲಿ ಸೂಜಿಯೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಮಿತಿಮೀರಿದರೆ ಕೆಂಪು ದೀಪ, ಅಷ್ಟೇ. ನನಗಂತೂ ಇದು ಒಪ್ಪಿಗೆಯಿಲ್ಲ. ಘಟ್ಟದ ಕೆಳಗೆ ಮೇಲೆ ಓಡಾಡುವವರಿಗೆ ಸೂಜಿ ಬೇಕೇ ಬೇಕು. ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇರುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಸಾಧನ ಒಂದಿದ್ದರೆ ಮೊಬೈಲಿನಲ್ಲೇ ಕೂಲಂಟ್ ಎಷ್ಟು ಡಿಗ್ರಿ ಇದೆ ಅಂತ ನೋಡಬಹುದು. ಒಂದು ಸೆನ್ಸರ್ ಬೆಲೆಯೊಳಗೇ ಸಿಗುತ್ತದೆ.

ಸೂಜಿ ಏರುವ ಮೊದಲೇ ಫ್ಯಾನ್ ಕೆಟ್ಟಿರುವುದು ಇನ್ನೊಂದು ದಾರಿಯಲ್ಲಿ ಗೊತ್ತಾಗುತ್ತದೆ. ಗಾಡಿ ಓಡುವಾಗ ಎಸಿ ತಣ್ಣಗೆ ಬರುತ್ತದೆ, ಗೋಪಿ ಸರ್ಕಲ್ಲಿನ ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬೆಚ್ಚಗಾಗುತ್ತದೆ. ಎಸಿ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ರೇಡಿಯೇಟರಿನ ಎದುರಿಗೇ ಇರುವುದು. ಅದಕ್ಕೂ ಅದೇ ಗಾಳಿ ಬೇಕು. ಇಂಥ ಹೊತ್ತಿನಲ್ಲಿ ‘ಗ್ಯಾಸ್ ಕಮ್ಮಿಯಾಗಿದೆ’ ಅಂತ ಗ್ಯಾಸ್ ತುಂಬಿಸಿಕೊಂಡು ಬರುವವರೇ ಜಾಸ್ತಿ.

ಘಾಟಿಯಲ್ಲಿ ಸಿಕ್ಕಿಬಿದ್ದರೆ

ಪರೀಕ್ಷೆ ಮಾಡುವುದು ಮನೆಗೆ ಬಂದ ಮೇಲೆ. ದಾರಿಯಲ್ಲಿ ಎಂಜಿನ್ ಉಳಿಸಿಕೊಳ್ಳುವುದು ಮುಖ್ಯ.

ಸೂಜಿ ನಡು ದಾಟಿದ ಕೂಡಲೇ ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಒಳಗೆ ಕೂತವರು ಬೈಯುತ್ತಾರೆ, ಬೈಯಲಿ. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಸಣ್ಣ ರೇಡಿಯೇಟರ್, ಅದಕ್ಕೆ ಅದರದ್ದೇ ಫ್ಯಾನ್ ಇದೆ. ಎಂಜಿನ್ನಿನ ಬಿಸಿ ಸ್ವಲ್ಪ ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಮುಂದಿನ ಬಸ್ಸಿಗೆ ಅಂಟಿಕೊಂಡು ಹೋಗಬೇಡಿ, ಅದರ ಬಿಸಿಗಾಳಿಯನ್ನೇ ನಿಮ್ಮ ರೇಡಿಯೇಟರ್ ಎಳೆದುಕೊಳ್ಳುತ್ತದೆ.

ಆಮೇಲೂ ಸೂಜಿ ಕೆಂಪಿನ ಕಡೆಗೇ ಹೋದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ‘ಇನ್ನೆರಡು ತಿರುವು, ಮೇಲೆ ಹೋಗೇ ನಿಲ್ಸೋಣ’ ಅನ್ನುವ ಆಸೆ ಬೇಡ. ಎಂಜಿನ್ ಹೆಡ್ ಅಲ್ಯೂಮಿನಿಯಂನದ್ದು. ಮಿತಿಮೀರಿ ಕಾದರೆ ಸೊಟ್ಟಗಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ ಎಂಬ ಸೀಲ್ ಹೋಗುತ್ತದೆ. ನೂರಾರು ರೂಪಾಯಿಯ ರಿಲೇಯಲ್ಲಿ ಮುಗಿಯಬೇಕಾಗಿದ್ದು ಹತ್ತಾರು ಸಾವಿರಕ್ಕೆ ಹೋಗಿ ನಿಲ್ಲುತ್ತದೆ.

ನಿಲ್ಲಿಸಿದ ಮೇಲೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಆ ಮುಚ್ಚಳ ಒಳಗೆ ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟಿರುತ್ತದೆ. ಆ ಒತ್ತಡದಿಂದಾಗಿಯೇ ಒಳಗಿನ ನೀರು 100ಕ್ಕೆ ಕುದಿಯದೆ 120ರ ತನಕ ತಡೆದುಕೊಳ್ಳುವುದು. ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿಯುತ್ತದೆ, 110 ಡಿಗ್ರಿಯಲ್ಲಿರುವ ಕೂಲಂಟ್ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿ ತೆಗೆದರೂ ಅಷ್ಟೇ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಪಕ್ಕದ ಝರಿಯಿಂದ ಬಾಟಲಿಯಲ್ಲಿ ನೀರು ತಂದು ಕಾದ ಎಂಜಿನ್ ಮೇಲೆ ಸುರಿಯುವುದನ್ನೂ ನೋಡಿದ್ದೇನೆ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಪೂರ್ತಿ ಆರಿದ ಮೇಲೆ ಬೇಕಾದರೆ ಝರಿ ನೀರನ್ನೇ ರೇಡಿಯೇಟರಿಗೆ ಹಾಕಿ ಮನೆ ಸೇರಿ. ಆಮೇಲೆ ಅದನ್ನು ತೆಗೆದು ಸರಿಯಾದ ಕೂಲಂಟ್ ತುಂಬಿಸಬೇಕು, ಅಷ್ಟೇ.

ಹೇಳುವುದು ಯಾರು, ಕೊಡುವುದು ಯಾರು, ತಿರುಗುವುದು ಯಾರು

ತೋಟದ ಮೋಟಾರ್ ನೋಡಿದವರಿಗೆ ಈ ವ್ಯವಸ್ಥೆ ಅರ್ಥವಾಗುವುದು ಕಷ್ಟವಲ್ಲ. ಹಸಿರು ಬಟನ್ ಒತ್ತಿದರೆ ಆ ಬಟನ್ನಿನ ಮೂಲಕವೇ ಮೋಟಾರಿಗೆ ಕರೆಂಟ್ ಹೋಗುವುದಿಲ್ಲ. ಬಟನ್ ಸ್ಟಾರ್ಟರಿನ ಕಾಯಿಲ್‌ಗೆ ಚೂರು ಕರೆಂಟ್ ಕೊಡುತ್ತದೆ, ಕಾಯಿಲ್ ಒಳಗಿನ ದಪ್ಪ ಕಾಂಟ್ಯಾಕ್ಟುಗಳನ್ನು ಎಳೆದು ಕೂಡಿಸುತ್ತದೆ, ಆಗ ಮೋಟಾರಿಗೆ ಲೈನ್ ಸಿಗುತ್ತದೆ. ಕಾರಿನ ಫ್ಯಾನ್ ಕೂಡ ಹೀಗೇ. ಸ್ಟಾರ್ಟರ್ ಇರುವ ಜಾಗದಲ್ಲಿ ರಿಲೇ ಇದೆ. ಬಟನ್ ಒತ್ತುವ ಕೆಲಸ ಕಂಪ್ಯೂಟರಿನದು, ಅಂದರೆ ಇಸಿಯುವಿನದು. ಯಾವಾಗ ಒತ್ತಬೇಕು ಅಂತ ಅದಕ್ಕೆ ತಿಳಿಸುವುದು ಕೂಲಂಟ್ ಟೆಂಪರೇಚರ್ ಸೆನ್ಸರ್. ಲೈನ್ ಬರುವುದು ಬ್ಯಾಟರಿಯಿಂದ, ಫ್ಯೂಸ್ ದಾಟಿ. ಮೋಟಾರಿನ ಇನ್ನೊಂದು ವೈರು ಕಾರಿನ ಲೋಹದ ಬಾಡಿಗೆ ಅರ್ತ್ ಆಗಿರುತ್ತದೆ.

ಕಾರ್ಬ್ಯುರೇಟರ್ ಕಾಲದ ಹಳೇ ಕಾರುಗಳಲ್ಲಿ ಇಸಿಯು ಇಲ್ಲ. ರೇಡಿಯೇಟರಿನಲ್ಲೋ ಥರ್ಮೋಸ್ಟಾಟ್ ಹತ್ತಿರವೋ ಒಂದು ಥರ್ಮೋ ಸ್ವಿಚ್ ಇರುತ್ತದೆ. ಬಿಸಿಯಾದರೆ ತಾನೇ ಕೂಡಿಕೊಳ್ಳುತ್ತದೆ, ಆರಿದರೆ ಬಿಡುತ್ತದೆ.

ಹಾಗಾಗಿ ಹುಡುಕಾಟವೂ ಎರಡು ಭಾಗ. ‘ತಿರುಗು’ ಅನ್ನುವ ಆದೇಶವೇ ಬರುತ್ತಿಲ್ಲವೋ, ಆದೇಶ ಬಂದರೂ ಮೋಟಾರ್ ತಿರುಗುತ್ತಿಲ್ಲವೋ? ಇದನ್ನು ಬೇರೆ ಮಾಡದೆ ಯಾವ ಪಾರ್ಟನ್ನೂ ಮುಟ್ಟಬಾರದು.

ಬೇರೆ ಮಾಡುವುದು ಸುಲಭ. ಎಂಜಿನ್ ಆನ್ ಮಾಡಿ, ಎಸಿ ಹಾಕಿ, ಬಾನೆಟ್ ತೆಗೆದು ದೂರದಿಂದ ನೋಡಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಕೂಡಲೇ ಅಥವಾ ಒಂದೆರಡು ನಿಮಿಷದೊಳಗೆ ಫ್ಯಾನ್ ತಿರುಗಲೇಬೇಕು, ಎಂಜಿನ್ ತಣ್ಣಗಿದ್ದರೂ. ಎಸಿ ಹಾಕಿದಾಗ ತಿರುಗಿತು, ಎಂಜಿನ್ ಕಾದಾಗ ತಿರುಗುವುದಿಲ್ಲ ಅಂತಾದರೆ ಮೋಟಾರ್ ಚೆನ್ನಾಗಿದೆ, ಆದೇಶದ ಕಡೆ ತೊಂದರೆ. ಎಸಿ ಹಾಕಿದರೂ ಅಲ್ಲಾಡದಿದ್ದರೆ ಫ್ಯೂಸ್, ರಿಲೇ, ವೈರು, ಮೋಟಾರ್ ಕಡೆ ನೋಡಬೇಕು. ಎರಡು ಫ್ಯಾನ್ ಇರುವ ಗಾಡಿಯಾದರೆ ಯಾವುದು ತಿರುಗಿತು ಅಂತ ಸರಿಯಾಗಿ ಗಮನಿಸಿ. ಪಕ್ಕದ ಕಂಡೆನ್ಸರ್ ಫ್ಯಾನ್ ತಿರುಗಿದ್ದನ್ನು ನೋಡಿ ‘ಸರಿ ಇದೆ’ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಎಸಿ ಗ್ಯಾಸ್ ಪೂರ್ತಿ ಖಾಲಿಯಾಗಿರುವ ಗಾಡಿಯಲ್ಲಿ ಈ ಪರೀಕ್ಷೆ ನಡೆಯದು.

ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಈ ಫ್ಯಾನ್‌ಗಳಿಗೆ ಕೀ ತೆಗೆದ ಮೇಲೂ ತಿರುಗುವ ಅಭ್ಯಾಸ ಇದೆ. ಅಲಗಿನ ಹತ್ತಿರ ಬೆರಳು ಹೋಗುವ ಕೆಲಸವಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಶುರು ಮಾಡಿ.

ಮೋಟಾರ್ ಕಡೆಯ ಹುಡುಕಾಟ

ಮೊದಲು ಫ್ಯೂಸ್. ಬಾನೆಟ್ ಕೆಳಗೆ ಬ್ಯಾಟರಿ ಪಕ್ಕದ ಕರಿ ಡಬ್ಬಿಯ ಮುಚ್ಚಳದ ಒಳಮೈಯಲ್ಲೇ ನಕ್ಷೆ ಇರುತ್ತದೆ. ರೇಡಿಯೇಟರ್ ಫ್ಯಾನ್ ಫ್ಯೂಸ್ ಸಾಮಾನ್ಯವಾಗಿ 30 ಅಥವಾ 40 ಆಂಪಿಯರಿನದು. ಸುಟ್ಟಿದ್ದರೆ ಅದೇ ಆಂಪಿಯರಿನ ಹೊಸದು ಹಾಕಿ. ಅದೂ ಸುಟ್ಟರೆ ದೊಡ್ಡದು ಹಾಕುವ ಬುದ್ಧಿ ಬೇಡ. ಮನೆಯ ಕಟೌಟಿಗೆ ತಂತಿ ಸುತ್ತುವ ನಮ್ಮ ಹಳೇ ಚಾಳಿ ಇಲ್ಲಿ ತೋರಿಸಿದರೆ ವೈರಿಂಗೇ ಹೊತ್ತಿಕೊಳ್ಳುತ್ತದೆ. ಫ್ಯೂಸ್ ಸುಮ್ನೆ ಸುಡುವುದಿಲ್ಲ. ಮೋಟಾರ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳೆಯುತ್ತಿರಬೇಕು, ಇಲ್ಲ ಎಲ್ಲೋ ವೈರು ತಾಗಿ ಶಾರ್ಟ್ ಆಗಿರಬೇಕು.

ನಂತರ ರಿಲೇ. ಅದೇ ಡಬ್ಬಿಯಲ್ಲಿ ಹಾರ್ನಿಗೋ ಇನ್ನೊಂದಕ್ಕೋ ಅದೇ ನಂಬರಿನ ರಿಲೇ ಇರುವುದುಂಟು. ಅದಲುಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ‘ಟಿಕ್’ ಅಂತ ಸದ್ದು ಬಂದರೆ ರಿಲೇ ಚೆನ್ನಾಗಿದೆ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಆ ಸದ್ದು ಕಾಯಿಲ್ ಕೆಲಸ ಮಾಡಿದೆ ಅಂತ ಮಾತ್ರ ಹೇಳುತ್ತದೆ. ಕಾಂಟ್ಯಾಕ್ಟ್ ಸುಟ್ಟು ಕರಕಲಾಗಿದ್ದರೆ ಟಿಕ್ ಅಂದರೂ ಕರೆಂಟ್ ದಾಟುವುದಿಲ್ಲ.

ರಿಲೇ ಕಿತ್ತ ಜಾಗದಲ್ಲೇ ಇನ್ನೊಂದು ಪರೀಕ್ಷೆ ಮಾಡಬಹುದು. ರಿಲೇ ಕಾಲುಗಳ ಪಕ್ಕ ಸಣ್ಣದಾಗಿ ನಂಬರ್ ಬರೆದಿರುತ್ತದೆ: 30, 87, 85, 86. ಬ್ಯಾಟರಿಯಿಂದ ಲೈನ್ ಬರುವುದು 30ಕ್ಕೆ, ಫ್ಯಾನಿಗೆ ಹೋಗುವುದು 87ರಿಂದ. ಉಳಿದೆರಡು ಕಾಯಿಲಿನವು. ಸಾಕೆಟ್ಟಿನಲ್ಲಿ 30 ಮತ್ತು 87ರ ಜಾಗವನ್ನು ಫ್ಯೂಸ್ ಇರುವ ದಪ್ಪ ವೈರಿನಿಂದ ಒಂದು ಕ್ಷಣ ಕೂಡಿಸಿ. ಫ್ಯಾನ್ ಗಿರ್ರನೆ ತಿರುಗಿದರೆ ಫ್ಯೂಸ್, ಮೋಟಾರ್, ಅರ್ತ್ ಮೂರೂ ಒಂದೇ ಏಟಿಗೆ ಪಾಸ್. ತೊಂದರೆ ರಿಲೇಯದ್ದು ಅಥವಾ ಅದಕ್ಕೆ ಬರುವ ಆದೇಶದ್ದು. ತಿರುಗದಿದ್ದರೆ ಫ್ಯಾನ್ ಹತ್ತಿರ ವೈರು ಕೂಡುವ ಪ್ಲಗ್ಗಿಗೆ, ಅಂದರೆ ಕಪ್ಲರಿಗೆ ಹೋಗಬೇಕು.

ನಮ್ಮ ಕಡೆ ನನಗೆ ಮೊದಲ ಅನುಮಾನವೇ ಈ ಕಪ್ಲರ್ ಮೇಲೆ. ಹೊಸನಗರದ ಹತ್ತಿರ ನಮ್ಮ ಭಾವನ ಮನೆ. ಅವರ ಕಾರಿಗೆ ಹೊಸ ಫ್ಯಾನ್ ಮೋಟಾರ್ ತರಬೇಕು ಅಂತ ಒಬ್ಬರು ಹೇಳಿ ಕಳಿಸಿದ್ದರು. ‘ಭಾವ, ತರೋಕೆ ಮುಂಚೆ ಒಂದ್ಸಲ ಕಪ್ಲರ್ ಬಿಚ್ಚಿ ನೋಡೋಣ’ ಅಂದೆ. ಲಾಕ್ ಒತ್ತಿ ಎಳೆದರೆ ಬರಲೊಲ್ಲದು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದ ಮೇಲೆ ಬಂತು. ಒಂದು ಪಿನ್ ಹಿತ್ತಾಳೆ ಬಣ್ಣದಲ್ಲೇ ಇತ್ತು. ಪಕ್ಕದ ಪಿನ್ ಮೇಲೆ ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಅದೇ ಹಸಿರು ಕಿಲುಬು, ಪುಡಿಪುಡಿಯಾಗಿ ಉದುರುತ್ತಿತ್ತು. ಆ ಪಿನ್ ಸುತ್ತಲಿನ ಪ್ಲಾಸ್ಟಿಕ್ ಕಂದುಗಟ್ಟಿ ಸ್ವಲ್ಪ ಕರಗಿತ್ತು. ಸೀಲಿಂಗ್ ರಬ್ಬರ್ ಇರಬೇಕಾದ ಕಡೆ ರಬ್ಬರೇ ಇಲ್ಲ. ಮಳೆನೀರು ವೈರಿನ ಗುಂಟ ಇಳಿದು ಒಳಗೆ ನಿಂತಿದೆ, ಕಿಲುಬು ಹಿಡಿದಿದೆ, ಹಿಡಿತ ಸಡಿಲವಾಗಿದೆ, ಸಡಿಲವಾದಲ್ಲಿ ಬಿಸಿಯಾಗಿದೆ, ಬಿಸಿಗೆ ಇನ್ನಷ್ಟು ಸಡಿಲವಾಗಿದೆ. ಕಪ್ಲರ್ ಬದಲಿಸಿ ಸೋಲ್ಡರ್ ಮಾಡಿದ ಮೇಲೆ ಅದೇ ಹಳೇ ಮೋಟಾರ್ ತಿರುಗಿತು.

ಈ ಥರದ ದೋಷ ಮಲ್ಟಿಮೀಟರಿಗೆ ಸಿಗದೇ ಹೋಗಬಹುದು, ಎಚ್ಚರ. ವೈರಿನ ಒಂದೇ ಎಳೆ ಉಳಿದಿದ್ದರೂ, ಪಿನ್ ತುಂಬಾ ಕಿಲುಬು ಇದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಸಣ್ಣ ಕಾರಿನ ಫ್ಯಾನ್ ಕೂಡ ಹತ್ತು ಆಂಪಿಯರಿನ ಆಚೆಗೆ ಎಳೆಯುತ್ತದೆ. ಅಷ್ಟು ಎಳೆದಾಗ ಆ ಒಂದು ಎಳೆಯಿಂದ ಏನೂ ದಾಟುವುದಿಲ್ಲ. ಹಳೇ ಎಲೆಕ್ಟ್ರಿಷಿಯನ್‌ಗಳು ಟೆಸ್ಟ್ ಲ್ಯಾಂಪ್ ಬಿಡದೇ ಇರುವುದು ಇದೇ ಕಾರಣಕ್ಕೆ. 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಹಾಕಿದರೆ ಟೆಸ್ಟ್ ಲ್ಯಾಂಪ್ ತಯಾರು. ಕಪ್ಲರಿನ ಎರಡು ಪಿನ್ನಿಗೆ ಹಿಡಿದು ಎಸಿ ಹಾಕಿಸಿ. ಬಲ್ಬ್ ಝಗ್ಗನೆ ಉರಿದರೆ ಮೋಟಾರ್ ತನಕ ಎಲ್ಲ ಸರಿ. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ಕರೆಂಟಿಗೆ ತಡೆ ಇದೆ. ಆಗ ಒಂದು ತುದಿಯನ್ನು ನೇರ ಬ್ಯಾಟರಿ ನೆಗೆಟಿವ್‌ಗೆ ಹಿಡಿಯಿರಿ. ಬೆಳಕು ಜೋರಾದರೆ ಅರ್ತ್ ಕೆಟ್ಟಿದೆ. ಬಾಡಿಗೆ ಬೋಲ್ಟ್ ಹಾಕಿದ ಜಾಗದಲ್ಲಿ ತುಕ್ಕು ಹಿಡಿದಿರುತ್ತದೆ, ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರೆ ಮುಗಿಯಿತು.

ಬಲ್ಬ್ ಚೆನ್ನಾಗಿ ಉರಿದೂ ಫ್ಯಾನ್ ತಿರುಗದಿದ್ದರೆ ಆಗ ಮಾತ್ರ ಮೋಟಾರ್ ತಪ್ಪಿತಸ್ಥ. ಖಾತ್ರಿಗೆ ಕಪ್ಲರ್ ಬಿಚ್ಚಿ, ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರಿನಲ್ಲಿ ನೇರ ಕರೆಂಟ್ ಕೊಟ್ಟು ನೋಡಿ. ಕೋಲಿನಿಂದ ಮೋಟಾರಿನ ಬೆನ್ನಿಗೆ ಮೆಲ್ಲಗೆ ಕುಟ್ಟಿದಾಗ ತಿರುಗಲು ಶುರುವಾದರೆ ಕಾರ್ಬನ್ ಬ್ರಷ್ ಸವೆದಿದೆ ಅಂತ ಅರ್ಥ. ಅದು ಇನ್ನೊಂದೆರಡು ದಿನದ ಅತಿಥಿ. ಬ್ಯಾಟರಿ ಬಿಚ್ಚಿ ಕೈಯಲ್ಲಿ ತಿರುಗಿಸಿದಾಗ ಬಿಗಿಯಾಗಿದ್ದರೆ ಒಳಗೆ ನೀರು ಕೆಸರು ಸೇರಿ ಬುಷ್ ಹಿಡಿದಿದೆ. ಮಳೆಗಾಲದಲ್ಲಿ ಹಳ್ಳ ದಾಟಿಸಿದ ಗಾಡಿಗಳಲ್ಲಿ ಇದು ಮಾಮೂಲಿ.

ಆದರೆ ಈ ನೇರ ಕರೆಂಟಿನ ಆಟ ಎರಡು ವೈರಿನ ಮೋಟಾರಿಗೆ ಮಾತ್ರ. ಈಗಿನ ಕೆಲವು ಕಾರುಗಳಲ್ಲಿ ಫ್ಯಾನ್ ಜೊತೆಗೇ ಎಲೆಕ್ಟ್ರಾನಿಕ್ ಕಂಟ್ರೋಲರ್ ಇರುತ್ತದೆ, ವೈರು ಮೂರೋ ನಾಲ್ಕೋ. ಅದಕ್ಕೆ ಅಂದಾಜಿನ ಮೇಲೆ ಬ್ಯಾಟರಿ ಮುಟ್ಟಿಸಿದರೆ ಚೆನ್ನಾಗಿದ್ದದ್ದೂ ಸುಟ್ಟುಹೋಗುತ್ತದೆ. ಅಲ್ಲಿ ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಿ.

ಇಲಿಯನ್ನು ಮರೆಯಬೇಡಿ. ಅಡಿಕೆ, ಭತ್ತದ ಮೂಟೆ ಇಡುವ ಕೊಟ್ಟಿಗೆಯಲ್ಲೇ ಕಾರನ್ನೂ ನಿಲ್ಲಿಸುವವರು ನಾವು. ಬೆಚ್ಚನೆ ಎಂಜಿನ್ ಅದಕ್ಕೆ ಇಷ್ಟ. ವೈರಿನ ಮೇಲಿನ ಟೇಪ್ ಕಿತ್ತಿದ್ದರೆ, ಬ್ಯಾಟರಿ ಮೇಲೆ ಹಿಕ್ಕೆ ಕಂಡರೆ, ರಿಲೇಯಿಂದ ಫ್ಯಾನ್ ತನಕ ವೈರನ್ನು ಕೈಯಲ್ಲಿ ಸವರಿ ನೋಡಿ.

ಆದೇಶದ ಕಡೆ

ಎಸಿ ಹಾಕಿದಾಗ ತಿರುಗುತ್ತದೆ, ಕಾದಾಗ ತಿರುಗುವುದಿಲ್ಲ. ಆಗ ಸೆನ್ಸರಿಗೆ ಕೈ ಹಾಕುವ ಮೊದಲು ಎಂಜಿನ್ ಆರಿದ ಮೇಲೆ ಕೂಲಂಟ್ ಮಟ್ಟ ನೋಡಿ. ಸೆನ್ಸರ್ ಅಳೆಯುವುದು ತನ್ನ ತುದಿಗೆ ತಾಗಿದ್ದನ್ನು. ಕೂಲಂಟ್ ಕಮ್ಮಿಯಾಗಿ ಆ ಜಾಗದಲ್ಲಿ ಬರೀ ಗಾಳಿ ನಿಂತಿದ್ದರೆ ಎಂಜಿನ್ ಕುದಿಯುತ್ತಿದ್ದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಇಸಿಯು ಫ್ಯಾನ್ ಹಾಕುವುದಿಲ್ಲ, ಸೂಜಿಯೂ ಏರದಿರಬಹುದು. ಕೂಲಂಟ್ ಬದಲಿಸಿ ಬಂದ ಮಾರನೇ ದಿನವೇ ಈ ತೊಂದರೆ ಶುರುವಾದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಂತಲೇ ಅನುಮಾನಿಸಿ.

ಎರಡನೆಯದು ಥರ್ಮೋಸ್ಟಾಟ್. ಎಂಜಿನ್ ಚೆನ್ನಾಗಿ ಕಾದಿದೆ, ಮೇಲಿನ ಹೋಸ್ ಸುಡುತ್ತಿದೆ, ಕೆಳಗಿನ ಹೋಸ್ ಮತ್ತು ರೇಡಿಯೇಟರ್ ತಣ್ಣಗಿವೆ ಅಂದರೆ ಬಾಗಿಲು ತೆರೆದಿಲ್ಲ. ರೇಡಿಯೇಟರಿನಲ್ಲೇ ಥರ್ಮೋ ಸ್ವಿಚ್ ಇರುವ ಹಳೇ ಗಾಡಿಯಲ್ಲಿ ಇದರಿಂದ ಫ್ಯಾನೂ ತಿರುಗುವುದಿಲ್ಲ. ತಣ್ಣಗಿರುವ ರೇಡಿಯೇಟರಿನಲ್ಲಿ ಕೂತ ಸ್ವಿಚ್‌ಗೆ ಬಿಸಿ ತಾಗುವುದಾದರೂ ಹೇಗೆ? ಫ್ಯಾನ್ ಬೈಸಿಕೊಳ್ಳುತ್ತದೆ, ತಪ್ಪು ಥರ್ಮೋಸ್ಟಾಟಿನದು. ಹಾಳಾದ ಥರ್ಮೋಸ್ಟಾಟನ್ನು ಕಿತ್ತು ಬಿಸಾಕಿ ಹಾಗೇ ಓಡಿಸುವ ಪದ್ಧತಿ ಘಟ್ಟದ ಮೇಲೆ ಇನ್ನೂ ಇದೆ. ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ. ಹೊಸದೇ ಹಾಕಿಸಿ.

ಇನ್ನು ಸೆನ್ಸರ್. ಬಿಸಿ ಏರಿದಂತೆ ಇದರ ರೆಸಿಸ್ಟೆನ್ಸ್ ಇಳಿಯುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡು ಮೂರು ಸಾವಿರ ಓಮ್ ಇದ್ದದ್ದು 80 ಡಿಗ್ರಿಗೆ ಬರುವಾಗ ಮುನ್ನೂರರ ಆಸುಪಾಸಿಗೆ ಇಳಿದಿರುತ್ತದೆ. ಬಿಚ್ಚಿ, ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೀಟರಿನಲ್ಲಿ ನೋಡಬಹುದು. ಅಷ್ಟು ತಾಪತ್ರಯ ಬೇಡ ಅಂದರೆ ಎಂಜಿನ್ ಆನ್ ಇರುವಾಗ ಸೆನ್ಸರಿನ ಕಪ್ಲರ್ ಕೀಳಿ. ಸೆನ್ಸರ್ ಕಾಣೆಯಾದರೆ ಹೆಚ್ಚಿನ ಇಸಿಯುಗಳು ‘ಯಾವುದಕ್ಕೂ ಇರಲಿ’ ಅಂತ ಫ್ಯಾನನ್ನು ತಾವೇ ಹಾಕಿಬಿಡುತ್ತವೆ. ಕಿತ್ತಾಗ ಫ್ಯಾನ್ ತಿರುಗಿದರೆ ಇಸಿಯು, ರಿಲೇ, ಮೋಟಾರ್ ಎಲ್ಲ ಸರಿ ಇವೆ. ಉಳಿದದ್ದು ಸೆನ್ಸರ್ ಅಥವಾ ಅದರ ವೈರು. ಎಂಜಿನ್ ದೀಪ ಹತ್ತುತ್ತದೆ, ಹೆದರಬೇಡಿ, ಆಮೇಲೆ ಅಳಿಸಬಹುದು. ಹಳೇ ಥರ್ಮೋ ಸ್ವಿಚ್ ಗಾಡಿಯಲ್ಲಿ ಉಲ್ಟಾ ಮಾಡಬೇಕು. ಎರಡು ವೈರಿನ ಸ್ವಿಚ್ಚಾದರೆ ಕಪ್ಲರ್ ಕಿತ್ತು ಆ ವೈರುಗಳನ್ನು ಒಂದಕ್ಕೊಂದು ಕೂಡಿಸಿ, ಇಗ್ನಿಷನ್ ಆನ್ ಮಾಡಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ.

ಮೊಬೈಲಿನಲ್ಲಿ ಓಬಿಡಿ ನೋಡುವವರಿಗೆ ಇನ್ನೂ ಸಲೀಸು. ಪಿ0117, ಪಿ0118 ಎಂಬ ದೋಷದ ಕೋಡ್ ಬಂದರೆ ಸೆನ್ಸರ್ ಸರ್ಕ್ಯೂಟ್. ಪಿ0480 ಬಂದರೆ ಇಸಿಯುವಿನಿಂದ ಫ್ಯಾನ್ ರಿಲೇಗೆ ಹೋಗುವ ಸರ್ಕ್ಯೂಟ್. ಕೋಡ್ ಬಂದ ಕೂಡಲೇ ಪಾರ್ಟ್ ತರಲು ಓಡಬೇಡಿ, ಅದು ಸರ್ಕ್ಯೂಟಿನ ಹೆಸರು ಹೇಳುತ್ತದೆ ಅಷ್ಟೇ. ಆ ಸರ್ಕ್ಯೂಟಿನಲ್ಲಿ ಇಲಿ ಕಡಿದ ವೈರೂ ಇದೆ, ಕಿಲುಬು ಹಿಡಿದ ಕಪ್ಲರೂ ಇದೆ. ಇಸಿಯು ಹೋಗಿದೆ ಅಂತ ಯಾರಾದರೂ ಮೊದಲೇ ಹೇಳಿದರೆ ಇನ್ನೊಬ್ಬರನ್ನು ಕೇಳಿ. ಅದು ಕೆಡುವುದು ಅಪರೂಪ.

ನಿಧಾನ ವೇಗ, ಜೋರು ವೇಗ ಅಂತ ಎರಡಿರುವ ಫ್ಯಾನಿನಲ್ಲಿ ನಿಧಾನ ವೇಗಕ್ಕೆ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟರೆ ಫ್ಯಾನ್ ತಡವಾಗಿ, ಒಮ್ಮೆಲೇ ಜೋರಾಗಿ ಶುರುವಾಗುತ್ತದೆ. ‘ತಿರುಗುತ್ತಲ್ಲ’ ಅಂತ ಬಿಟ್ಟರೆ ಅದೂ ಒಂದು ದಿನ ಕೈ ಕೊಡುತ್ತದೆ.

ಡೈರೆಕ್ಟ್ ಸ್ವಿಚ್ ಹಾಕಿಸಬಹುದಾ?

ಸೆನ್ಸರ್ ಗಿನ್ಸರ್ ಯಾಕೆ, ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಇಟ್ಟು ಫ್ಯಾನ್ ಡೈರೆಕ್ಟ್ ಮಾಡಿಬಿಡೋಣ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಬಾಡಿಗೆ ಓಡಿಸುವ ಹಳೇ ಗಾಡಿಗಳಲ್ಲಿ ಸಾಕಷ್ಟು ನೋಡಿದ್ದೇನೆ. ಮನೆ ಮುಟ್ಟುವ ತನಕ, ಪಾರ್ಟ್ ಬರುವ ತನಕ ಸರಿ. ಆಗಲೂ ನಡುವೆ ರಿಲೇ, ಫ್ಯೂಸ್ ಇರಲೇಬೇಕು. ಹತ್ತು ಹದಿನೈದು ಆಂಪಿಯರ್ ಕರೆಂಟನ್ನು ಸಣ್ಣ ಸ್ವಿಚ್ಚಿನಲ್ಲೇ ಹಾಯಿಸಿದರೆ ಸ್ಟಿಯರಿಂಗ್ ಹತ್ತಿರವೇ ಹೊಗೆ ಬರುತ್ತದೆ. ಕಾಯಂ ಆಗಿ ಮಾತ್ರ ಬೇಡ. ಸ್ವಿಚ್ ಹಾಕಬೇಕು ಅನ್ನುವುದು ಓಡಿಸುವವರಿಗೆ ನೆನಪಿರಬೇಕಲ್ಲ? ಮಗ ಗಾಡಿ ತೆಗೆದುಕೊಂಡು ಹೋದ ದಿನ ಆ ಗುಟ್ಟು ಅವನಿಗೆ ಗೊತ್ತಿರುವುದಿಲ್ಲ.

ಹಳೇ ಡೀಸೆಲ್ ಜೀಪು, ಎಂಜಿನ್ ಉದ್ದಕ್ಕೆ ಕೂತಿರುವ ದೊಡ್ಡ ಗಾಡಿಗಳಿಗೆ ಇಲ್ಲಿ ಹೇಳಿದ್ದು ಹೆಚ್ಚಿನದು ಅನ್ವಯಿಸುವುದಿಲ್ಲ. ಕೊಡಚಾದ್ರಿಗೆ ಹತ್ತುವ ಜೀಪುಗಳ ಥರದವು. ಅವುಗಳಲ್ಲಿ ಫ್ಯಾನ್ ಎಂಜಿನ್ ಜೊತೆಗೇ ತಿರುಗುತ್ತದೆ. ಕೆಲವಕ್ಕೆ ನಡುವೆ ಸಿಲಿಕೋನ್ ಎಣ್ಣೆ ತುಂಬಿದ ವಿಸ್ಕಸ್ ಕಪ್ಲಿಂಗ್ ಇರುತ್ತದೆ. ಎಂಜಿನ್ ಕಾದಿರುವಾಗ ಆಫ್ ಮಾಡಿ, ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಸ್ವಲ್ಪ ಬಿಗಿ ಇರಬೇಕು. ಗಿರಗಿರನೆ ಸುತ್ತಿದರೆ ಎಣ್ಣೆ ಸೋರಿದೆ.

ರಿಪೇರಿಯಾದ ಮೇಲೆ

ಗ್ಯಾರೇಜಿನಿಂದ ಹೊರಡುವ ಮೊದಲು ಅಲ್ಲೇ ಎಂಜಿನ್ ಆನ್ ಇಟ್ಟು, ಎಸಿ ಆಫ್ ಮಾಡಿ ಕಾಯಿರಿ. ಫ್ಯಾನ್ ತಾನಾಗಿ ಶುರುವಾಗಿ, ತಾನಾಗಿ ನಿಂತು, ಮತ್ತೆ ಶುರುವಾಗುವ ತನಕ. ಇಪ್ಪತ್ತು ನಿಮಿಷ ಹಿಡಿಯಬಹುದು. ‘ಎಸಿ ಹಾಕಿ ತೋರಿಸ್ತೀನಿ ನೋಡಿ ಸಾರ್’ ಅಂದರೆ ಒಪ್ಪಬೇಡಿ, ಅದು ಅರ್ಧ ಪರೀಕ್ಷೆ ಅಂತ ಈಗ ಗೊತ್ತಲ್ಲ.

ಮೋಟಾರ್ ಅಥವಾ ಕಪ್ಲರ್ ಬದಲಿಸಿದ್ದರೆ ಗಾಳಿ ಯಾವ ಕಡೆ ಹೋಗುತ್ತಿದೆ ಅಂತಲೂ ನೋಡಿ. ವೈರು ಉಲ್ಟಾ ಕೂತರೆ ಮೋಟಾರ್ ಉಲ್ಟಾ ತಿರುಗುತ್ತದೆ. ಸದ್ದು ಬರುತ್ತದೆ, ಗಾಳಿಯೂ ಬರುತ್ತದೆ, ಆದರೆ ಮುಂದಕ್ಕೆ. ಆಗ ನಿಧಾನಕ್ಕೆ ಓಡುವಾಗ ಎದುರುಗಾಳಿಗೂ ಫ್ಯಾನಿಗೂ ಜಗಳ. ಮುಂದಿನ ಗ್ರಿಲ್ ಹತ್ತಿರ ಒಂದು ತುಂಡು ಪೇಪರ್ ಹಿಡಿಯಿರಿ. ಫ್ಯಾನ್ ರೇಡಿಯೇಟರಿನ ಹಿಂದೆ ಎಂಜಿನ್ ಕಡೆ ಇದ್ದರೆ ಪೇಪರ್ ಗ್ರಿಲ್‌ಗೆ ಅಂಟಿಕೊಳ್ಳಬೇಕು, ಹಾರಿಹೋಗಬಾರದು.

ಮಾರನೇ ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ಇನ್ನೊಮ್ಮೆ ನೋಡಿ. ಸಿಕ್ಕಿಕೊಂಡಿದ್ದ ಗಾಳಿ ಹೊರಗೆ ಬಂದು ಮಟ್ಟ ಇಳಿದಿರುತ್ತದೆ. ತುಂಬಿಸುವಾಗ ಕೂಲಂಟ್ ಜೊತೆ ಬೋರ್‌ವೆಲ್ ನೀರು ಸೇರಿಸಬೇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ. ಆಮೇಲೂ ದಿನಾ ಮಟ್ಟ ಇಳಿಯುತ್ತಲೇ ಇದ್ದರೆ ಫ್ಯಾನ್ ವಿಷಯ ಬಿಟ್ಟು ಸೋರಿಕೆ ಹುಡುಕಿ. ಹೊರಗೆಲ್ಲೂ ಒದ್ದೆ ಕಾಣದೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸುವ ತನಕ ಘಾಟಿ ಕಡೆ ಗಾಡಿ ತಿರುಗಿಸಬೇಡಿ.